ಆಮೆ, ಮೊಲ ಮತ್ತು ನಮ್ಮ ಸೋದರತ್ತೆ: ಡಿಸ್ನಿ ವರ್ಲ್ಡ್‌ನಲ್ಲಿ ಐದು ದಿನ

ಮೊದಲ ದಿನ: ಅಟ್ಲಾಂಟಾದಿಂದ ಒರ್ಲ್ಯಾಂಡೊ

"ವೀಲ್‌ಚೇರ್ ಅಂದ್ರೆ ನಾನು ಬರಾದೇ ಇಲ್ಲ" ಅಂತ ಅತ್ತೆ ಡಿಸೆಂಬರಿನಲ್ಲೇ ಹೇಳಿಬಿಟ್ಟಿದ್ದರು.

ಅತ್ತೆ ಅಂದರೆ ಗಂಡನ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ಸಕಲೇಶಪುರದ ಕಡೆಯ ಕಾಫಿ ತೋಟದವರು. ವಯಸ್ಸು 73. ಎರಡೂ ಮಂಡಿ ಸವೆದಿವೆ. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಾರೆ, ಅಂಗಳದವರೆಗೆ ಕೋಲು ಊರಿಕೊಂಡು ಹೋಗುತ್ತಾರೆ. ಅದರಾಚೆಗೆ ಕಷ್ಟ. ಆರು ತಿಂಗಳ ಮಟ್ಟಿಗೆ ಅಟ್ಲಾಂಟಾದ ನಮ್ಮ ಮನೆಗೆ ಬಂದಿದ್ದರು. ಬರುವ ದಾರಿಯಲ್ಲಿ ಒಂದು ವಿಮಾನ ನಿಲ್ದಾಣದಲ್ಲಿ ಇವರನ್ನು ವೀಲ್‌ಚೇರಿನಲ್ಲಿ ತಳ್ಳಿಕೊಂಡು ಬಂದ ಹುಡುಗ, ಗೋಡೆಗೆ ಮುಖ ಮಾಡಿ ನಿಲ್ಲಿಸಿ ಎಲ್ಲೋ ಹೋದವನು ಮುಕ್ಕಾಲು ಗಂಟೆ ಪತ್ತೆಯಿಲ್ಲ. "ಕಾಫಿ ಮೂಟೆ ಇಟ್ಟಂಗೆ ಇಟ್ಟು ಹೋದ ಕಣೇ. ಗೋಡೆಗೆ ಹೊಡೆದಿದ್ದ ಬಣ್ಣ ನೋಡ್ಕಂಡು ಕೂತಿದ್ದೆ" ಅಂದಿದ್ದರು. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಇತ್ತ ನನ್ನ ಮಗ, ಒಂಬತ್ತು ವರ್ಷದವನು, ಅಜ್ಜಿ ಬರದಿದ್ದರೆ ತಾನೂ ಬರಲ್ಲ ಅಂತ ಹಟ ಹಿಡಿದ. ಡಿಸ್ನಿ ವರ್ಲ್ಡ್ ಅಂದರೆ ಒಂದು ಪಾರ್ಕಲ್ಲ, ನಾಲ್ಕು ದೊಡ್ಡ ಪಾರ್ಕು. ಒಟ್ಟು ಜಾಗ ಸುಮಾರು 25,000 ಎಕರೆ. ಹಿಂದೊಮ್ಮೆ ಗಂಡ ಹೆಂಡತಿ ಇಬ್ಬರೇ ಹೋಗಿದ್ದಾಗ ನನ್ನ ಫೋನು ಒಂದೇ ದಿನಕ್ಕೆ ಇಪ್ಪತ್ತೆರಡು ಸಾವಿರ ಹೆಜ್ಜೆ ತೋರಿಸಿತ್ತು. ಕೋಲು ಹಿಡಿದು ಆಗುವ ಮಾತಲ್ಲ.

ಕೊನೆಗೆ ದಾರಿ ತೋರಿಸಿದ್ದು ನನ್ನ ಗಂಡ. ಬ್ಯಾಟರಿಯಲ್ಲಿ ಓಡುವ, ಕೂತವರೇ ನಡೆಸುವ ಸ್ಕೂಟರ್ ಬಾಡಿಗೆಗೆ ಸಿಗುತ್ತದೆ. ಅಲ್ಲಿ ಅದಕ್ಕೆ ಇಸಿವಿ ಅನ್ನುತ್ತಾರೆ. ಪಾರ್ಕಿನ ಒಳಗೂ ಕೊಡುತ್ತಾರೆ. ಆದರೆ ಮುಂಗಡ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಮಾತ್ರ, ಮತ್ತು ಅದನ್ನು ಪಾರ್ಕಿನ ಹೊರಗೆ ತರುವಂತಿಲ್ಲ. ಬಸ್ಸಿನಿಂದ ಗೇಟಿನವರೆಗೆ, ಹೋಟೆಲಿನ ರೂಮಿನಿಂದ ಬಸ್ ಸ್ಟಾಪಿನವರೆಗೆ ಯಾರು ನಡೆಯಬೇಕು? ಅದಕ್ಕೇ ಹೊರಗಿನ ಬಾಡಿಗೆಯವರಿಂದ ಪೂರ್ತಿ ಪ್ರವಾಸಕ್ಕೆ ಒಂದನ್ನು ಗೊತ್ತು ಮಾಡಿದೆವು. ಹೋಟೆಲಿಗೇ ತಂದುಕೊಡುತ್ತಾರೆ. ಅತ್ತೆಗೆ ಮಾತ್ರ "ಸ್ಕೂಟರ್" ಅಂತ ಹೇಳಿದೆವು, ಅಷ್ಟೆ. ವೀಲ್‌ಚೇರ್ ಅನ್ನುವ ಮಾತೇ ಎತ್ತಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಐದಕ್ಕೆ ಹೊರಟೆವು. ಏಳು ಗಂಟೆಯ ದಾರಿ. ಮಂಡಿ ಹಿಡಿದುಕೊಳ್ಳಬಾರದು ಅಂತ ಒಂದೊಂದೂವರೆ ಗಂಟೆಗೆ ನಿಲ್ಲಿಸಿ ನಿಲ್ಲಿಸಿ ಒಂಬತ್ತೂವರೆ ಗಂಟೆ ಆಯಿತು. ಜಾರ್ಜಿಯಾ ದಾಟಿ ಫ್ಲಾರಿಡಾ ಗಡಿಯೊಳಗೆ ಕಾಲಿಟ್ಟ ಕೂಡಲೇ ಸ್ವಾಗತ ಕೇಂದ್ರವೊಂದಿದೆ. ಅಲ್ಲಿ ಪುಟ್ಟ ಲೋಟದಲ್ಲಿ ಕಿತ್ತಳೆ ರಸ ಪುಕ್ಕಟೆ. ಅತ್ತೆ ಎರಡು ಗುಟುಕು ಕುಡಿದು ತೀರ್ಪು ಕೊಟ್ಟರು: "ರುಚಿಯಾಗೈತೆ. ಆದ್ರೆ ಇದು ಕಿತ್ತಳೆ ಅಲ್ಲ, ಮೂಸಂಬಿ ಜಾತಿ." ಕೊಡಗಿನ ಕಿತ್ತಳೆ ತಿಂದು ಬೆಳೆದವರ ಜೊತೆ ವಾದ ಮಾಡೋದು ಬೇಡ ಅಂತ ಸುಮ್ಮನಾದೆ.

ಹೋಟೆಲು ಡಿಸ್ನಿಯವರದೇ, ಪಾಪ್ ಸೆಂಚುರಿ. ಬುಕ್ ಮಾಡುವಾಗ ಹಟ ಹಿಡಿದು ಕೇಳಿದ್ದು ಒಂದೇ: ಬಾತ್‌ಟಬ್ ಇಲ್ಲದ ಬಚ್ಚಲು. ಅಮೆರಿಕದ ಹೋಟೆಲುಗಳಲ್ಲಿ ಮಂಡಿನೋವಿನವರ ದೊಡ್ಡ ಶತ್ರು ಬಾತ್‌ಟಬ್. ಒಂದೂವರೆ ಅಡಿ ಗೋಡೆ ದಾಟಿ, ಜಾರುವ ತೊಟ್ಟಿಯಲ್ಲಿ ಕಾಲಿಡಬೇಕು. ನಮಗೆ ಸಿಕ್ಕಿದ್ದು ನೆಲಮಟ್ಟದ ಶವರ್, ಗೋಡೆಗೆ ಮಡಚುವ ಆಸನ, ಹಿಡಿದುಕೊಳ್ಳಲು ಕಂಬಿ ಇರುವ ರೂಮು. ಅತ್ತೆ ಕಂಬಿ ಅಲ್ಲಾಡಿಸಿ ನೋಡಿ, ಊರಿಂದ ತಂದ ಪ್ಲಾಸ್ಟಿಕ್ ಚೊಂಬನ್ನು ಅದಕ್ಕೇ ನೇತುಹಾಕಿದರು.

ಸಂಜೆ ಸ್ಕೂಟರ್ ಬಂತು. ಕೆಂಪು ಬಣ್ಣ, ನಾಲ್ಕು ಗಾಲಿ, ಮುಂದೆ ಬುಟ್ಟಿ. ಹ್ಯಾಂಡಲಿನ ನಡುವೆ ತಿರುಗಿಸುವ ಗುಂಡಿ. ಅದರ ಒಂದು ತುದಿಯಲ್ಲಿ ಆಮೆಯ ಚಿತ್ರ, ಇನ್ನೊಂದರಲ್ಲಿ ಮೊಲ. ಆಮೆಯ ಕಡೆ ತಿರುಗಿಸಿದರೆ ನಿಧಾನ, ಮೊಲದ ಕಡೆಗೆ ಜೋರು. ಹಿಡಿಯ ಹತ್ತಿರದ ಲಿವರ್ ಒತ್ತಿದರೆ ಓಡುತ್ತದೆ, ಬಿಟ್ಟರೆ ತಾನೇ ನಿಲ್ಲುತ್ತದೆ. ಬ್ರೇಕು, ಗೇರು ಯಾವ ರಗಳೆಯೂ ಇಲ್ಲ.

"ಸೈಕಲ್ಲೇ ತುಳಿದಿಲ್ಲ ನಾನು" ಅಂದರು ಅತ್ತೆ.

"ಇದನ್ನ ತುಳಿಯೋದು ಬೇಡ ಅಜ್ಜಿ" ಅಂದ ಮಗ.

ಗುಂಡಿಯನ್ನು ಆಮೆಯ ಮೂತಿಗೇ ತಾಗಿಸಿ ಇಟ್ಟು, ಹೋಟೆಲಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದು ಸುತ್ತು ಹಾಕಿದರು. ಹಿಂದೆ ಹಿಂದೆ ನಾನು ಕೈ ಚಾಚಿಕೊಂಡು ನಡೆದೆ. "ನೀನ್ಯಾಕೆ ಕೋಳಿ ಹಿಡಿಯೋಳ ತರ ಬತ್ತಿದೀಯ?" ಅಂತ ಬೈಸಿಕೊಂಡೆ.

ಎರಡನೇ ದಿನ: ಮ್ಯಾಜಿಕ್ ಕಿಂಗ್‌ಡಮ್

ಬೆಳಗಿನ ಬಸ್ಸಿನಲ್ಲಿ ಆದದ್ದನ್ನು ಹೇಳಲೇಬೇಕು. ಸ್ಟಾಪಿನಲ್ಲಿ ನಲವತ್ತು ಜನ ಕಾಯುತ್ತಿದ್ದರು. ಬಸ್ಸು ಬಂತು. ಡ್ರೈವರ್ ಇಳಿದು ಬಂದು ಎಲ್ಲರನ್ನೂ ನಿಲ್ಲಿಸಿ, ಇಳಿಜಾರು ಹಲಗೆ ಬಿಚ್ಚಿ, ಅತ್ತೆಗೆ ಮೊದಲು ಬನ್ನಿ ಅಂತ ಸನ್ನೆ ಮಾಡಿದರು. ಒಳಗೆ ಹೋಗಿ, ತಿರುಗಿಸಿ, ಹಿಂದಕ್ಕೆ ಬಿಟ್ಟು, ಗೋಡೆಯ ಪಕ್ಕಕ್ಕೆ ನಿಲ್ಲಿಸಬೇಕು. ಆಮೇಲೆ ಅವರು ಗಾಲಿಗೆ ಬೆಲ್ಟ್ ಬಿಗಿಯುತ್ತಾರೆ. ಅತ್ತೆ ಮೊದಲ ಸಲ ಸೀಟಿಗೆ ಗುದ್ದಿದರು. ಎರಡನೇ ಸಲ ಕಂಬಕ್ಕೆ. ಹೊರಗೆ ನಲವತ್ತು ಜನ ನೋಡುತ್ತಿದ್ದಾರೆ. ನನ್ನ ಮುಖ ಬಿಸಿಯಾಯಿತು. "ಇಳೀರಿ ಅತ್ತೆ, ನಾನು ನಿಲ್ಲಿಸ್ತೀನಿ" ಅಂದೆ.

ಡ್ರೈವರಮ್ಮ ನನ್ನ ಕಡೆ ತಿರುಗಿ, ಅವರಿಗೆ ಬರುತ್ತೆ, ಬಿಡಿ ಅಂದರು. ಅತ್ತೆಗೆ ಇಂಗ್ಲಿಷ್ ಬರಲ್ಲ. ಆದರೆ ಅದು ಅರ್ಥವಾಯಿತು. ಮೂರನೇ ಸಲಕ್ಕೆ ಸರಿಯಾಗಿ ನಿಂತಿತು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಅತ್ತೆ ತಲೆ ಮೇಲಿನ ಸ್ಕಾರ್ಫ್ ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದರು. ಆ ಹೊತ್ತಿನ ನನ್ನ ನಾಚಿಕೆ ಅವರ ಸಲುವಾಗಿ ಆಗಿರಲಿಲ್ಲ. ಬೇರೆಯವರು ಕಾಯುತ್ತಾರಲ್ಲ ಅನ್ನೋದು ನನ್ನ ಸಂಕಟ, ಅವರದಲ್ಲ.

ಹೊರಡುವ ಮೊದಲು ನೆಂಟರ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೂ ಒಂದೇ ಮಾತು ಹೇಳಿದ್ದರು: ಗಾಲಿ ಮೇಲೆ ಕೂತವರು ಜೊತೆಗಿದ್ದರೆ ಕ್ಯೂ ಇಲ್ಲ, ಸೀದಾ ಒಳಗೆ ಬಿಡ್ತಾರೆ. ತಪ್ಪು. ಸಾಲಿನಲ್ಲಿ ನಿಲ್ಲಲಾಗದವರಿಗೆ ಡಿಸ್ನಿಯಲ್ಲಿ ಒಂದು ಪ್ರತ್ಯೇಕ ವ್ಯವಸ್ಥೆ ಇದೆ ನಿಜ. ಆದರೆ 2024ರಿಂದ ಅದು ಮುಖ್ಯವಾಗಿ ಆಟಿಸಂನಂಥ ತೊಂದರೆ ಇರುವವರಿಗೆ. ಮಂಡಿನೋವಿನವರು ಸ್ಕೂಟರಿನಲ್ಲಿ ಕೂತು ಎಲ್ಲರ ಜೊತೆ ಅದೇ ಸಾಲಿನಲ್ಲಿ ಸಾಗಬೇಕು. ಹೊಸ ಆಟಗಳ ಸಾಲುಗಳು ಅಷ್ಟು ಅಗಲ ಇವೆ. ಆದರೆ ಮ್ಯಾಜಿಕ್ ಕಿಂಗ್‌ಡಮ್ ಶುರುವಾಗಿದ್ದು 1971ರಲ್ಲಿ. ಅದರ ಕೆಲವು ಹಳೆಯ ಆಟಗಳಿಗೆ ಬೇರೆ ಬಾಗಿಲಿನಿಂದ ಹೋಗಬೇಕು. ನನಗೇನೂ ಬೇಜಾರಾಗಲಿಲ್ಲ. ಅತ್ತೆಗೆ ಕಾಯುವುದು ಕಷ್ಟವಲ್ಲ, ನಿಲ್ಲುವುದು ಕಷ್ಟ. ಸಾಲಿನಲ್ಲಿ ಎಲ್ಲರೂ ಕಾಲು ಬದಲಾಯಿಸುತ್ತಾ ನಿಂತಿದ್ದರೆ ಇವರೊಬ್ಬರು ಆರಾಮಾಗಿ ಕೂತು ಕೋಡುಬಳೆ ಮುರಿಯುತ್ತಿದ್ದರು.

ಕೋಡುಬಳೆ ಮಾತ್ರವಲ್ಲ. ಹೊರಗಿನ ತಿಂಡಿ ಒಳಗೆ ಒಯ್ಯಲು ಬಿಡುತ್ತಾರೆ, ಗಾಜಿನ ಪಾತ್ರೆ ಇರಬಾರದು ಅಷ್ಟೆ. ಬುಟ್ಟಿಯಲ್ಲಿ ಅಕ್ಕಿರೊಟ್ಟಿ, ಚಟ್ನಿಪುಡಿ, ಅವಲಕ್ಕಿ, ಫ್ಲಾಸ್ಕಿನಲ್ಲಿ ಕಾಫಿ. ಚೀಲ ತಪಾಸಣೆಯವನು ಚಟ್ನಿಪುಡಿ ಡಬ್ಬಿ ತೆರೆದು ಮೂಸಿ ಮೂರು ಸಲ ಸೀನಿದ.

ಮೇನ್ ಸ್ಟ್ರೀಟಿನಲ್ಲಿ ಕುದುರೆ ಗಾಡಿಯ ಹಳಿಗಳಿವೆ. ಸ್ಕೂಟರಿನ ಸಣ್ಣ ಗಾಲಿ ಅದರಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಅಡ್ಡಡ್ಡ ದಾಟಬೇಕು, ಓರೆಯಾಗಿ ಅಲ್ಲ. ಮಗ ಮುಂದೆ ಮುಂದೆ ನಡೆದು ದಾರಿ ಬಿಡಿಸಿದ. ಆದರೂ ಕೋಟೆ ಕಂಡ ಕೂಡಲೇ ಮುಂದಿದ್ದವರು ಫೋಟೋಗೆ ಗಕ್ಕನೆ ನಿಂತುಬಿಡುತ್ತಾರಲ್ಲ, ಹಾಗೆ ನಿಂತ ಒಬ್ಬರ ಹಿಮ್ಮಡಿಗೆ ಅತ್ತೆ ತಾಗಿಸಿಯೇ ಬಿಟ್ಟರು. "ಸಾರಿ, ಸಾರಿ" ಅಂದರು. ಇಡೀ ಪ್ರವಾಸದಲ್ಲಿ ಅವರು ಅತಿ ಹೆಚ್ಚು ಬಳಸಿದ ಇಂಗ್ಲಿಷ್ ಪದ ಅದೇ.

ಗೊಂಬೆಗಳ ದೋಣಿಯಾಟ, ಇಟ್ಸ್ ಎ ಸ್ಮಾಲ್ ವರ್ಲ್ಡ್, ಹತ್ತುವಾಗ ತಕರಾರು ಬಂತು. ಸ್ಕೂಟರ್ ದೋಣಿಗೆ ಹೋಗಲ್ಲ. ಗಾಲಿಕುರ್ಚಿ ಹತ್ತುವ ದೋಣಿ ಇದೆ, ಆದರೆ ಅದಕ್ಕೆ ವೀಲ್‌ಚೇರಿಗೆ ಬದಲಾಯಿಸಿಕೊಳ್ಳಬೇಕು.

"ಇದು ಅದೇ ಕುರ್ಚಿ ಅಲ್ವಾ?" ಅತ್ತೆಯ ಹುಬ್ಬು ಗಂಟಾಯಿತು.

"ಇಪ್ಪತ್ತು ಹೆಜ್ಜೆ ಅಜ್ಜಿ. ನಾನೇ ತಳ್ತೀನಿ. ಗೋಡೆ ಕಡೆ ತಿರುಗಿಸಲ್ಲ" ಅಂದ ಮಗ. ಮಕ್ಕಳು ಎಲ್ಲ ಕೇಳಿಸಿಕೊಂಡಿರುತ್ತಾರೆ.

ಅವರಿಗೆ ಹಿಡಿಸಿದ್ದು ಮಾತ್ರ ಯಾರೂ ಅಷ್ಟಾಗಿ ಕಣ್ಣೆತ್ತಿ ನೋಡದ ಒಂದು ಹಳೆಯ ಪ್ರದರ್ಶನ, ಕ್ಯಾರೊಸೆಲ್ ಆಫ್ ಪ್ರೋಗ್ರೆಸ್. 1964ರ ನ್ಯೂಯಾರ್ಕ್ ಜಾಗತಿಕ ಮೇಳಕ್ಕೆ ಮಾಡಿದ್ದು. ಸ್ಕೂಟರಿನಿಂದ ಇಳಿಯಬೇಕಾಗಿಲ್ಲ. ವೇದಿಕೆ ನಿಂತಲ್ಲೇ ಇರುತ್ತದೆ, ನಾವು ಕೂತ ಸಾಲುಗಳೇ ಸುತ್ತುತ್ತವೆ. ಒಂದು ಮನೆಯ ಅಡುಗೆಮನೆ ಕಾಲಕಾಲಕ್ಕೆ ಹೇಗೆ ಬದಲಾಯಿತು ಅನ್ನುವುದೇ ಕತೆ. ಮೊದಲ ದೃಶ್ಯ 1900ರ ಸುಮಾರಿನದು, ಕರೆಂಟಿಲ್ಲದ ಮನೆ. ಮಗ ಪಿಸುಮಾತಿನಲ್ಲಿ ಅನುವಾದ ಶುರುಮಾಡಿದ. ಅತ್ತೆ ಕೈ ಎತ್ತಿ ತಡೆದರು. "ನಂಗೆ ಗೊತ್ತು ಮಗಾ. ನಾನು ಮದುವೆಯಾಗಿ ಹೋದಾಗ ನಮ್ಮನೆ ಹಿಂಗೇ ಇತ್ತು."

ಮಧ್ಯಾಹ್ನ ಮೆರವಣಿಗೆ. ಗಾಲಿಯವರಿಗೆ ಅಂತ ಬಿಟ್ಟ ಜಾಗ ಬೇಗ ತುಂಬುತ್ತದೆ, ಮುಕ್ಕಾಲು ಗಂಟೆ ಮೊದಲೇ ಹೋಗಿ ಕೂತೆವು. ಅಷ್ಟೊತ್ತಿಗೆ ಅವರಿಗೂ ಸಾಕಾಗಿತ್ತು. ರಾತ್ರಿಯ ಬಾಣ ಬಿರುಸು ನೋಡಲು ಗಂಡ ಮತ್ತು ಮಗ ಉಳಿದರು. ನಾವಿಬ್ಬರು ನಾಲ್ಕಕ್ಕೆ ಹೋಟೆಲಿಗೆ ಬಂದು, ಮಂಡಿಗೆ ಎಣ್ಣೆ ಹಚ್ಚಿ ಮಲಗಿದೆವು. ಸ್ಕೂಟರನ್ನು ಚಾರ್ಜಿಗೆ ಹಾಕಲು ಮರೆತೆ.

ಮೂರನೇ ದಿನ: ಎಪ್ಕಾಟ್

ಬೆಳಿಗ್ಗೆ ಬ್ಯಾಟರಿಯ ಮುಳ್ಳು ಕೆಂಪಿನಲ್ಲಿತ್ತು. ಯಾರೂ ನನ್ನನ್ನು ಬೈಯಲಿಲ್ಲ, ಅದು ಇನ್ನೂ ಕಷ್ಟ. ಹನ್ನೊಂದರವರೆಗೆ ಚಾರ್ಜ್ ಮಾಡಿ, ಚಾರ್ಜರನ್ನು ಬುಟ್ಟಿಗೆ ಹಾಕಿಕೊಂಡು ಹೊರಟೆವು.

ಪಾಪ್ ಸೆಂಚುರಿಯಿಂದ ಎಪ್ಕಾಟಿಗೆ ಸ್ಕೈಲೈನರ್ ಇದೆ. ಹಗ್ಗದ ಮೇಲೆ ತೇಲುವ ಪೆಟ್ಟಿಗೆಗಳು, 2019ರಲ್ಲಿ ಶುರುವಾದದ್ದು. ಉಳಿದವರಿಗೆಲ್ಲ ಪೆಟ್ಟಿಗೆ ಚಲಿಸುತ್ತಲೇ ಇರುತ್ತದೆ, ಹಾಗೇ ಹತ್ತಿಕೊಳ್ಳಬೇಕು. ಗಾಲಿಯವರಿಗೆ ಪಕ್ಕದಲ್ಲೊಂದು ಕವಲು, ಅಲ್ಲಿ ಪೆಟ್ಟಿಗೆ ಪೂರ್ತಿ ನಿಲ್ಲುತ್ತದೆ. ಸ್ಕೂಟರ್ ಸಮೇತ ಒಳಗೆ. ಕೆರೆಯ ಮೇಲೆ ತೇಲುವಾಗ ಅತ್ತೆ ಕಂಡ ದೇವರನ್ನೆಲ್ಲ ನೆನೆದರು. ನಡುವಿನ ನಿಲ್ದಾಣದಲ್ಲಿ ಬದಲಾಯಿಸಿ ಮುಂದಿನ ಪೆಟ್ಟಿಗೆ ಹತ್ತುವ ಹೊತ್ತಿಗೆ, "ನಮ್ಮ ಘಾಟಿಗೂ ಇಂಥದ್ದೊಂದು ಹಾಕ್ಬೋದಿತ್ತು" ಅನ್ನುತ್ತಿದ್ದರು. ಶಿರಾಡಿಯಲ್ಲಿ ಮಳೆಗಾಲದ ಗುಡ್ಡ ಕುಸಿತ ನೋಡಿದವರಿಗೆ ಹೊಳೆಯುವ ಮಾತು.

ಸ್ಕೈಲೈನರ್ ಇಳಿಸುವುದು ಎಪ್ಕಾಟಿನ ಹಿಂಬಾಗಿಲಿಗೆ. ನಾವು ಮೊದಲು ನೋಡಬೇಕೆಂದದ್ದು ಮುಂಭಾಗದಲ್ಲಿರುವ ಲಿವಿಂಗ್ ವಿತ್ ದ ಲ್ಯಾಂಡ್. ಕಟ್ಟಡದ ಮೇಲಂತಸ್ತಿನಿಂದ ಲಿಫ್ಟಿನಲ್ಲಿ ಕೆಳಗಿಳಿಯಬೇಕು. ಮತ್ತೆ ಆ ಕುರ್ಚಿ, ಈ ಸಲ ತಕರಾರಿಲ್ಲ. ದೋಣಿ ಕತ್ತಲಿನಿಂದ ಹೊರಬಂದು ಗಾಜಿನ ಹಸಿರುಮನೆಯೊಳಗೆ ನುಗ್ಗಿದ್ದೇ ತಡ, ಅತ್ತೆ ಎದ್ದು ಕೂತರು. ಬಾಳೆ, ಪರಂಗಿ, ಬದನೆ, ಟೊಮೆಟೊ. ಮಣ್ಣಿಲ್ಲ. ಕೆಲವು ಗಿಡಗಳ ಬೇರು ಬರಿಯ ಗಾಳಿಯಲ್ಲಿ ಜೋತಾಡುತ್ತಿವೆ, ಅದಕ್ಕೆ ಪೋಷಕ ನೀರನ್ನು ಹನಿಹನಿಯಾಗಿ ಸಿಂಪಡಿಸುತ್ತಾರೆ. ಗಿಡಗಳೇ ಸಾಲಾಗಿ ಮೆರವಣಿಗೆ ಹೋಗುತ್ತವೆ. ಅಲ್ಲಿ ಬೆಳೆದದ್ದರಲ್ಲಿ ಒಂದಷ್ಟು ಅಲ್ಲಿನ ಹೋಟೆಲುಗಳ ಅಡುಗೆಗೇ ಹೋಗುತ್ತದೆ.

"ಗೊಬ್ಬರ ಎಲ್ಲಿಗೆ ಹಾಕ್ತಾರೆ? ಬುಡಕ್ಕೆ ಹುಳ ಬರಲ್ವಾ? ಕೇಳೇ, ಕೇಳೇ" ಅಂತ ನನ್ನ ತೋಳು ಚಿವುಟುತ್ತಲೇ ಇದ್ದರು. ಇಳಿದವರು ಮತ್ತೊಂದು ಸಲ ಹೋಗೋಣ ಅಂದರು. ಹೋದೆವು. ಮಗ ಆಕಳಿಸಿದ, ಆದರೆ ಏನೂ ಅನ್ನಲಿಲ್ಲ. ಅವನಿಗೂ ಅವರಪ್ಪನಿಗೂ ಬೇರೆ ಆಟಗಳಿಗೆ ಬಿಡುಗಡೆ ಕೊಟ್ಟು ಎರಡನೇ ಸುತ್ತಿಗೆ ನಾವಿಬ್ಬರೇ ಹೋದದ್ದು ಒಳ್ಳೆಯದಾಯಿತು. ಇಡೀ ಸಂಸಾರ ಎಲ್ಲ ಕಡೆ ಒಟ್ಟಿಗೇ ಇರಬೇಕು ಅಂತ ಹೊರಟರೆ ಒಬ್ಬರಿಗೂ ಖುಷಿ ಸಿಗಲ್ಲ.

ಕೆರೆಯ ಸುತ್ತ ಹನ್ನೊಂದು ದೇಶಗಳ ಮಾದರಿಗಳಿವೆ. ಮೆಕ್ಸಿಕೊದಿಂದ ಕೆನಡಾದವರೆಗೆ ಸುಮಾರು ಎರಡು ಕಿಲೋಮೀಟರ್ ದಾರಿ. "ನಮ್ಮದೆಲ್ಲಿ?" ಅಂತ ಅತ್ತೆ. ನಮ್ಮದಿಲ್ಲ. ಚೀನಾ ಇದೆ, ಜಪಾನ್ ಇದೆ, ಇಂಡಿಯಾ ಇಲ್ಲ. ಜಪಾನಿನ ಹತ್ತಿರ ಸ್ಕೂಟರ್ ಏದುಸಿರು ಬಿಡಲು ಶುರುಮಾಡಿತು. ಮೊರಾಕೊ ದಾಟುವಷ್ಟರಲ್ಲಿ ನಿಂತೇ ಹೋಯಿತು. ಬೆಳಗಿನ ಅರ್ಧ ಚಾರ್ಜ್ ಅಷ್ಟೇ ದೂರಕ್ಕೆ.

ಅಲ್ಲಿಯ ಕೆಲಸಗಾರರೊಬ್ಬರನ್ನು ಕೇಳಿ, ಅವರು ತೋರಿಸಿದ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿದೆವು. ಗಂಡ ಸ್ಕೂಟರಿನ ಕಾವಲಿಗೆ ನಿಂತರು. ನಾನೂ ಅತ್ತೆಯೂ ಕೆರೆಯ ದಂಡೆಯ ಬೆಂಚಿನಲ್ಲಿ ಕೂತೆವು. ಒಂದು ಗಂಟೆ. ಫ್ಲಾಸ್ಕಿನ ಕಾಫಿ ಹಂಚಿಕೊಂಡೆವು. ಮಾವ ತೀರಿಕೊಂಡ ವರ್ಷ ಬ್ಯಾಂಕಿನ ಕಾಗದ ಓದಲು ಪಕ್ಕದ ತೋಟದವರ ಕಾಲು ಹಿಡಿದದ್ದು, ಆಮೇಲೆ ತಾವೇ ಕೂಲಿ ಲೆಕ್ಕ ಬರೆಯಲು ಕಲಿತದ್ದು, ಎಲ್ಲ ಹೇಳಿದರು. ಅಟ್ಲಾಂಟಾದ ಮನೆಯಲ್ಲಿ ಎರಡು ತಿಂಗಳಿದ್ದರೂ ಇದನ್ನು ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ, ಸದಾ ಅವರ ಮಾತ್ರೆಯ ಹೊತ್ತು ಕೇಳುತ್ತಿದ್ದೆ ಅಷ್ಟೆ.

ಅಂದ ಹಾಗೆ, ಇಂಥ ಪ್ರವಾಸಕ್ಕೆ ಹೋಗುವವರು ಒಂದು ವಿಷಯ ಮೊದಲೇ ತಿಳಿದಿರಬೇಕು. ಪ್ರತಿ ಪಾರ್ಕಿನಲ್ಲೂ ಜೊತೆಯವರೂ ಒಳಗೆ ಬರಬಹುದಾದ ದೊಡ್ಡ ಟಾಯ್ಲೆಟ್‌ಗಳಿವೆ. ಎಲ್ಲೆಲ್ಲಿವೆ ಅಂತ ಬೆಳಿಗ್ಗೆಯೇ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ವಯಸ್ಸಾದವರು ಟಾಯ್ಲೆಟ್ ಸಿಗುತ್ತೋ ಇಲ್ಲವೋ ಅಂತ ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ. ಅತ್ತೆ ಮೊದಲ ದಿನ ಹಾಗೇ ಮಾಡಿ ತಲೆನೋವು ಬರಿಸಿಕೊಂಡಿದ್ದರು.

ನಾಲ್ಕನೇ ದಿನ: ಅನಿಮಲ್ ಕಿಂಗ್‌ಡಮ್

ಈ ಸಲ ರಾತ್ರಿಯಿಡೀ ಚಾರ್ಜ್. ಮಲಗುವ ಮುಂಚೆ ಮೂರು ಸಲ ಎದ್ದು ನೋಡಿದ್ದೆ.

ಬಸ್ಸಿನಲ್ಲಿ ಒಂದೇ ಸಲಕ್ಕೆ ನಿಲ್ಲಿಸಿದರು. ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ, ಅದೊಂದು ಬೇಸರ ಅವರಿಗೆ.

ಬೆಳಿಗ್ಗೆಯೇ ಸಫಾರಿಗೆ ಹೋದೆವು. ಪ್ರಾಣಿಗಳು ಚುರುಕಾಗಿರುವ ಹೊತ್ತು. 110 ಎಕರೆಯಲ್ಲಿ ಆಫ್ರಿಕಾದ ಬಯಲಿನಂತೆ ಮಾಡಿದ್ದಾರೆ. ತೆರೆದ ಲಾರಿ, ಬೇಕೆಂದೇ ಗುಂಡಿ ಬಿದ್ದ ದಾರಿ. ಬೆನ್ನಿಗೆ ದಿಂಬು ಇಟ್ಟಿದ್ದು ಜಾಣತನವಾಯಿತು. ಜಿರಾಫೆ ಅಡ್ಡ ಬಂದಾಗ ಲಾರಿಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು, ಅತ್ತೆಯೂ. ಆಮೇಲೆ ಆನೆ ಬಂತು.

"ಇದನ್ನ ನೋಡಾಕೆ ಇಷ್ಟು ದುಡ್ಡು ಕೊಟ್ಟು ಇಷ್ಟು ದೂರ ಬರಬೇಕಿತ್ತಾ? ನಮ್ಮ ತೋಟಕ್ಕೆ ಪುಕ್ಕಟೆ ಬತ್ತವೆ."

ಸಕಲೇಶಪುರ, ಆಲೂರಿನ ಕಡೆಯವರಿಗೆ ಇದು ತಮಾಷೆಯೂ ಹೌದು, ಅಲ್ಲವೂ ಹೌದು. ಬೆಳಗಿನ ಜಾವ ಆನೆ ಎಲ್ಲಿದೆ ಅಂತ ಮೊಬೈಲಿನಲ್ಲಿ ನೋಡಿಕೊಂಡು ಕೂಲಿಯವರನ್ನು ತೋಟಕ್ಕೆ ಕಳಿಸುವ ಊರು ಅದು. ಅತ್ತೆಯ ಬಾಳೆ, ಕಾಫಿ ಗಿಡಗಳೆಲ್ಲ ಎಷ್ಟೋ ಸಲ ನೆಲಸಮವಾಗಿವೆ. ಗೈಡ್ ಹೇಳಿದ್ದನ್ನು ಮಗ ಕನ್ನಡಕ್ಕೆ ತಂದ: ಆಫ್ರಿಕಾದ ಆನೆಗೆ ಕಿವಿ ದೊಡ್ಡದು, ಹೆಣ್ಣಿಗೂ ದಂತ ಇರುತ್ತದೆ. "ಹೆಣ್ಣಿಗೂನಾ?" ಅತ್ತೆ ಕಣ್ಣಗಲಿಸಿದರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಪಾಪ, ಇವು ಯಾರ ತೋಟಾನೂ ನುಗ್ಗಲ್ಲ. ಹೊಟ್ಟೆ ತುಂಬೈತೆ" ಅಂದರು.

ಏಷ್ಯಾ ವಿಭಾಗದಲ್ಲಿ ಒಂದು ಕಲ್ಪನೆಯ ಊರು ಕಟ್ಟಿದ್ದಾರೆ. ಹೆಸರು ಆನಂದಪುರ. ನಮಗೆಲ್ಲ ನಗು. ಸಾಗರಕ್ಕೆ ಹೋಗುವ ದಾರಿಯಲ್ಲಿ ನಿಜವಾದ ಆನಂದಪುರವೇ ಇದೆಯಲ್ಲ! ಸಿಪ್ಪೆ ಕಿತ್ತ ಗೋಡೆ, ಮಾಸಿದ ಜಾಹೀರಾತು, ತುಕ್ಕು ಹಿಡಿದ ತಗಡು, ಎಲ್ಲವನ್ನೂ ಖರ್ಚು ಮಾಡಿ ಹಳೆಯದಾಗಿಸಿದ್ದಾರೆ. "ಬಣ್ಣ ಹೊಡೆಯಾಕೆ ದುಡ್ಡಿರಲಿಲ್ವಾ ಇವ್ರಿಗೆ?" ಅಂತ ಅತ್ತೆ.

ಅಪ್ಪ ಮಗ ಎವರೆಸ್ಟ್ ರೈಲಿಗೆ ಹೋದರು. ಅದು ಹಿಮ್ಮುಖವಾಗಿ ಬೀಳುವ ರೋಲರ್ ಕೋಸ್ಟರ್, ನಮ್ಮಿಬ್ಬರಿಗೂ ಸಲ್ಲದು. ನಾನು ನೀರಿನ ಬಾಟಲಿ ತುಂಬಿಸಿಕೊಂಡು ತಿರುಗಿ ನೋಡುತ್ತೇನೆ, ಅತ್ತೆ ಇಲ್ಲ. ಎದೆ ಧಸಕ್ಕೆಂದಿತು. ಬೆಂಚು, ಮರದ ನೆರಳು, ಟಾಯ್ಲೆಟ್, ಎಲ್ಲೂ ಇಲ್ಲ. ಅವರ ಹತ್ತಿರ ಫೋನೂ ಇರಲಿಲ್ಲ. ಹತ್ತು ನಿಮಿಷ ಹುಚ್ಚಿಯಂತೆ ಓಡಾಡಿದೆ. ಆಮೇಲೆ ದೂರದಲ್ಲಿ ಕೆಂಪು ಬುಟ್ಟಿ ಕಾಣಿಸಿತು. ಹುಲಿಯನ್ನು ನೋಡಿಕೊಂಡು ಬರುತ್ತಿದ್ದಾರೆ! ಜನರ ನಡುವೆ ನುಣುಚಿಕೊಂಡು, ಸ್ಕಾರ್ಫು ಹಾರಿಸಿಕೊಂಡು.

"ಹೇಳಿ ಹೋಗಬಾರದಾ ಅತ್ತೆ?"

"ಹೇಳಿದ್ರೆ ನೀನೂ ಬತ್ತಿದ್ದೆ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಗುಂಡಿ ನೋಡಿದೆ. ಮೊಲದ ಬಾಲಕ್ಕೆ ತಾಗಿಕೊಂಡಿತ್ತು.

ಐದನೇ ದಿನ: ವಾಪಸ್

ಸ್ಕೂಟರನ್ನು ಒಪ್ಪಿಸಿ ಹತ್ತು ಗಂಟೆಗೆ ಹೊರಟೆವು. ಮಂಡಿ ಎರಡೂ ಊದಿದ್ದವು. ಸ್ಕೂಟರಿನಲ್ಲಿ ಕೂತರೂ ಹತ್ತಿ ಇಳಿಯುವುದು ಇದ್ದೇ ಇರುತ್ತದಲ್ಲ. ಒಂದು ದಿನ ಪೂರ್ತಿ ವಿಶ್ರಾಂತಿಗೆ ಅಂತ ನಡುವೆ ಬಿಡಬೇಕಿತ್ತು, ನಾನು ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಚಾಚಿಸಿ, ಐಸ್ ಚೀಲ ಇಟ್ಟು ಕೂರಿಸಿದೆವು.

ಜಾರ್ಜಿಯಾದ ವಾಲ್ಡೋಸ್ಟಾ ಊರು ದಾಟಿದ ಮೇಲೆ ಊರಿಗೆ ಫೋನ್ ಹಚ್ಚಿಕೊಟ್ಟೆ. ಅಲ್ಲಿ ರಾತ್ರಿಯಾಗಿತ್ತು, ಚಿಕ್ಕತ್ತೆ ಎದ್ದೇ ಇದ್ದರು. ಕೋಟೆ ಹೇಗಿತ್ತು, ಗೊಂಬೆ ಹೇಗಿದ್ದವು ಅಂತ ಕೇಳಿರಬೇಕು. ಅದಕ್ಕೆಲ್ಲ "ಹ್ಞೂಂ, ಚೆನ್ನಾಗಿತ್ತು" ಅಷ್ಟೇ ಉತ್ತರ. ಆ ಕಡೆಯಿಂದ ಮತ್ತೇನೋ ಕೇಳಿದರು.

"ಯಾರೂ ತಳ್ಳಲಿಲ್ಲ ಕಣೇ. ನಾನೇ ಓಡಿಸ್ದೆ. ಹಿಂದಕ್ಕೂ ಓಡಿಸ್ದೆ, ಬಸ್ಸೊಳಗೆ."